ನಾನೂರ ಅರವತ್ತಕ್ಕೆ ಕಾಯುವ ಕೈಪಿಡಿ

ಮೊದಲು ಕಂಪನಿಯನ್ನು ಆರಿಸಿಕೊಳ್ಳಿ. ಹಳೆಯ ಬೆಲೆ ನೋಡಿ ಹಣ ಕಳೆದುಕೊಳ್ಳಲು ಯಾವ ಕಂಪನಿಯಾದರೂ ನಡೆಯುತ್ತದೆ, ಸೋಪು ಮಾಡುವವರದೂ ನಡೆಯುತ್ತದೆ. ಆದರೆ ಸೋಪಿನ ಷೇರಿನಲ್ಲಿ ಅಷ್ಟು ಬೇಗ ಕೈಸುಟ್ಟುಕೊಳ್ಳಲು ಆಗದು. ಹೊಸಬರು ಇಂಧನದ ಷೇರಿನಿಂದಲೇ ಶುರು ಮಾಡಿ. ನನ್ನ ಶಿಫಾರಸು ಸುಜ್ಲಾನ್ ಎನರ್ಜಿ. 1995ರಲ್ಲಿ ತುಳಸಿ ತಾಂತಿ ಕಟ್ಟಿದ, ಪುಣೆ ಮೂಲದ ಗಾಳಿಯಂತ್ರದ ಕಂಪನಿ. ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ಅನುಕೂಲವಿದೆ. ಸಂಶೋಧನೆಯನ್ನು ಬಸ್ಸಿನಲ್ಲಿ ಕೂತೇ ಮುಗಿಸಬಹುದು. ಚಿತ್ರದುರ್ಗ ದಾಟುವಾಗ, ಗದಗದ ಕಡೆ ಹೋಗುವಾಗ, ಕಿಟಕಿಯಿಂದ ಗುಡ್ಡದ ಮೇಲಿನ ಫ್ಯಾನುಗಳನ್ನು ನೋಡಿ. ತಿರುಗುತ್ತಿದ್ದರೆ ಷೇರು ಕೊಳ್ಳಿ. ನಿಂತಿದ್ದರೆ, ಗಾಳಿ ಬಂದಾಗ ತಿರುಗೀತು ಎಂದುಕೊಂಡು ಕೊಳ್ಳಿ. ಆ ಫ್ಯಾನು ಯಾವ ಕಂಪನಿಯದು ಎಂದು ಮಾತ್ರ ವಿಚಾರಿಸಬೇಡಿ.

ಈಗ ಮೊಬೈಲಿನಲ್ಲಿ ಚಾರ್ಟ್ ತೆರೆಯಿರಿ. ಒಂದು ದಿನ, ಒಂದು ತಿಂಗಳು, ಒಂದು ವರ್ಷ ಎಂಬ ಗುಂಡಿಗಳನ್ನೆಲ್ಲ ಬಿಟ್ಟು ‘ಮ್ಯಾಕ್ಸ್’ ಒತ್ತಿ. ಎಡಗಡೆ ಒಂದು ಶಿಖರ ಕಾಣುತ್ತದೆ: 2008ರ ಜನವರಿ, ಸುಮಾರು 460 ರೂಪಾಯಿ. ಅಲ್ಲಿಂದ ಗೆರೆ ಜಾರುತ್ತಾ ಜಾರುತ್ತಾ ನೆಲಕ್ಕೆ ಅಂಟಿಕೊಂಡು, 2020ರ ಮಾರ್ಚ್‌ನಲ್ಲಿ ಎರಡು ರೂಪಾಯಿಯ ಆಸುಪಾಸಿಗೆ ಬರುತ್ತದೆ. ಆಮೇಲೆ ತಲೆಯೆತ್ತಿ 2024ರ ಸೆಪ್ಟೆಂಬರ್ ಹೊತ್ತಿಗೆ 80 ದಾಟುತ್ತದೆ. ಈ ಚಿತ್ರವನ್ನು ಐದು ನಿಮಿಷ ದಿಟ್ಟಿಸಿ. ನಂತರ ಹೀಗೆ ತೀರ್ಮಾನಿಸಿ: ಈ ಷೇರಿನ ನಿಜವಾದ ಬೆಲೆ 460, ಉಳಿದದ್ದೆಲ್ಲ ತಾತ್ಕಾಲಿಕ. ಒಮ್ಮೆ ಏರಿದ ಎತ್ತರಕ್ಕೆ ಷೇರು ಮತ್ತೆ ಏರಲೇಬೇಕು. ಊರು ಬಿಟ್ಟ ಮಗ ದೀಪಾವಳಿಗಾದರೂ ಬಂದೇ ಬರುತ್ತಾನಲ್ಲ, ಹಾಗೆ. ಯಾಕೆ ಏರಬೇಕು ಎಂದು ಭಾವಮೈದುನ ಕೇಳಿದರೆ ‘ಆಲ್ ಟೈಮ್ ಹೈ ನೋಡಿದ್ದೀಯಾ?’ ಎಂದು ಮರುಪ್ರಶ್ನೆ ಹಾಕಿ. ಸಾಮಾನ್ಯವಾಗಿ ಸುಮ್ಮನಾಗುತ್ತಾರೆ. ಸುಮ್ಮನಾಗದವರನ್ನು ಮನೆಗೆ ಕರೆಯಬೇಡಿ.

ಶಿಖರವನ್ನು ಇನ್ನೂ ಎತ್ತರ ಮಾಡಿಕೊಳ್ಳುವ ಉಪಾಯವೂ ಉಂಟು. ಅಟ್ಟದ ಮೇಲೆ 2007ರ ಕೊನೆಯ ಪತ್ರಿಕೆ ಇದ್ದರೆ ಕೆಳಗಿಳಿಸಿ ವಾಣಿಜ್ಯ ಪುಟ ತೆಗೆಯಿರಿ. ಅದರಲ್ಲಿ ಇದೇ ಷೇರು ಎರಡು ಸಾವಿರದ ಆಸುಪಾಸಿನಲ್ಲಿದೆ. 2008ರ ಜನವರಿಯಲ್ಲಿ 10 ರೂಪಾಯಿ ಮುಖಬೆಲೆಯ ಷೇರನ್ನು 2 ರೂಪಾಯಿಯ ಐದಾಗಿ ಒಡೆದರು, ಮೊಬೈಲಿನ ಚಾರ್ಟು ಹಿಂದಿನ ಬೆಲೆಗಳನ್ನೆಲ್ಲ ಐದರಿಂದ ಭಾಗಿಸಿ ತೋರಿಸುತ್ತದೆ. ಇದನ್ನು ಮರೆತುಬಿಡಿ. ಹಳೆಯ ಪತ್ರಿಕೆಯ ಬೆಲೆಯನ್ನು ಇವತ್ತಿನ ಬೆಲೆಯ ಪಕ್ಕದಲ್ಲಿಟ್ಟು ‘ಎರಡು ಸಾವಿರದ ಷೇರು ಪುಡಿಗಾಸಿಗೆ ಸಿಗುತ್ತಿದೆ’ ಎನ್ನಿ. ಅದೇ ರೀತಿ, 2005ರ ಐಪಿಒದಲ್ಲಿ 510 ರೂಪಾಯಿ ಕೊಟ್ಟವರು ಅದನ್ನು 510 ಎಂದೇ ಹೇಳಿಕೊಳ್ಳಿ. ಇವತ್ತಿನ ಲೆಕ್ಕದಲ್ಲಿ ಅದು 102 ಎಂದು ಒಪ್ಪಿಕೊಂಡರೆ ದುಃಖ ಐದನೇ ಒಂದು ಭಾಗಕ್ಕೆ ಇಳಿದುಬಿಡುತ್ತದೆ. ಅಷ್ಟು ಕಡಿಮೆ ದುಃಖಕ್ಕೆ ಮದುವೆ ಮನೆಯಲ್ಲಿ ಶ್ರೋತೃಗಳು ಸಿಗುವುದಿಲ್ಲ.

ರಿಲಯನ್ಸ್ ಪವರ್ ಷೇರು ಇದ್ದವರಿಗೂ ಇದೇ ನಿಯಮ. 2008ರ ಜನವರಿಯಲ್ಲಿ ಅದರ ಐಪಿಒಗೆ 70 ಪಟ್ಟಿಗೂ ಮೀರಿ ಅರ್ಜಿ ಬಿದ್ದಿದ್ದವು. ಚಿಲ್ಲರೆ ಹೂಡಿಕೆದಾರರು 430 ಕೊಟ್ಟರು, ಉಳಿದವರು 450. ಫೆಬ್ರವರಿ 11ರಂದು, ವಹಿವಾಟಿನ ಮೊದಲ ದಿನವೇ, ಷೇರು 372 ರೂಪಾಯಿ 50 ಪೈಸೆಗೆ ಇಳಿದು ನಿಂತಿತು. ಆಮೇಲೆ ಕಂಪನಿ ಪ್ರವರ್ತಕರನ್ನು ಬಿಟ್ಟು ಉಳಿದವರಿಗೆ 5 ಷೇರಿಗೆ 3 ಬೋನಸ್ ಕೊಟ್ಟಿತು. ಅಂದರೆ 430ರ ಷೇರಿನ ಅಸಲು 268 ರೂಪಾಯಿ 75 ಪೈಸೆಗೆ ಇಳಿಯಿತು. ನಷ್ಟ ಹೇಳುವಾಗ 430 ಎನ್ನಿ. ಜಾಣತನ ಹೇಳುವಾಗ ಬೋನಸ್ ಷೇರು ಪುಕ್ಕಟೆ ಸಿಕ್ಕಿತೆನ್ನಿ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬೇಡಿ, ಅಷ್ಟೆ.

ಇನ್ನು ಮುಖ್ಯ ವಿಷಯಕ್ಕೆ ಬನ್ನಿ. ಕಂಪನಿಯ ಒಟ್ಟು ಷೇರು ಎಷ್ಟು ಎಂಬ ಸಾಲಿನ ಮೇಲೆ ಯಾವ ಕಾರಣಕ್ಕೂ ಕಣ್ಣು ಹಾಯಿಸಬೇಡಿ. ಹಾಯಿಸಿದರೆ ಇಲ್ಲಿಯವರೆಗೆ ಕಲಿತದ್ದೆಲ್ಲ ನೀರುಪಾಲು. ಬೇರೆಯವರು ಆ ಸಾಲನ್ನು ನಿಮ್ಮ ಮುಖಕ್ಕೆ ಹಿಡಿದರೆ ಗುರುತು ಹಿಡಿದು ತಪ್ಪಿಸಿಕೊಳ್ಳಬೇಕಲ್ಲ, ಅದಕ್ಕಾಗಿ ಮಾತ್ರ ಇಲ್ಲಿ ವಿವರಿಸುತ್ತೇನೆ.

2008ರ ಶಿಖರದಲ್ಲಿ ಸುಜ್ಲಾನಿನ ಷೇರುಗಳು ಸುಮಾರು 150 ಕೋಟಿ. 2007ರಲ್ಲಿ ಕಂಪನಿ ಜರ್ಮನಿಯ ರೀಪವರ್ ಎಂಬ ಗಾಳಿಯಂತ್ರದ ಸಂಸ್ಥೆಯನ್ನು ಕೊಳ್ಳಲು ಹೊರಟಿತು, ಬಹುಪಾಲು ಸಾಲದ ಹಣದಲ್ಲಿ. ಜಗತ್ತಿನ ಹಣಕಾಸು ಕುಸಿಯಿತು. ಅಮೆರಿಕದಲ್ಲಿ ಕಂಪನಿ ಹಾಕಿದ್ದ ಯಂತ್ರಗಳ ರೆಕ್ಕೆ ಬಿರುಕು ಬಿಟ್ಟವು. 2012ರ ಅಕ್ಟೋಬರಿನಲ್ಲಿ 20 ಕೋಟಿ ಡಾಲರಿಗೂ ಹೆಚ್ಚಿನ ಬಾಂಡ್ ಸಾಲ ತೀರಿಸಲಾಗದೆ ಕೈಚೆಲ್ಲಿತು. ಆಮೇಲೆ ಸಾಲ ಕೊಟ್ಟವರಿಗೆ ಹಣದ ಬದಲು ಷೇರು ಕೊಡುವ ಕಾಲ ಬಂತು. 2015ರಲ್ಲಿ ಉದ್ಯಮಿ ದಿಲೀಪ್ ಸಾಂಘ್ವಿ ಕುಟುಂಬ ಹೊಸದಾಗಿ 1,800 ಕೋಟಿ ರೂಪಾಯಿ ಹಾಕಿತು. ತಲಾ 18 ರೂಪಾಯಿಯಂತೆ 100 ಕೋಟಿ ಹೊಸ ಷೇರು. 2022ರ ಅಕ್ಟೋಬರಿನಲ್ಲಿ ಇದ್ದ ಷೇರುದಾರರಿಗೆ ತಲಾ 5 ರೂಪಾಯಿಗೆ ರೈಟ್ಸ್ ಷೇರು ತೆರೆಯಿತು, 1,200 ಕೋಟಿಯದು. ಅದಕ್ಕೆ ಕೆಲವೇ ದಿನ ಮೊದಲು ತಾಂತಿ ತೀರಿಕೊಂಡಿದ್ದರು. ಹೀಗೆ ಸೇರುತ್ತಾ ಸೇರುತ್ತಾ 2024ರ ಹೊತ್ತಿಗೆ ಷೇರುಗಳು 1,350 ಕೋಟಿ ದಾಟಿದವು.

ಈಗ ಗುಣಿಸಬೇಡಿ. ಗುಣಿಸಿದರೆ 2008ರಲ್ಲಿ 460ರಂತೆ ಇಡೀ ಕಂಪನಿಯ ಬೆಲೆ 69,000 ಕೋಟಿ, 2024ರಲ್ಲಿ 80ರಂತೆ ಒಂದು ಲಕ್ಷ ಕೋಟಿಗೂ ಹೆಚ್ಚು ಎಂದು ಬರುತ್ತದೆ. ಚಾರ್ಟಿನಲ್ಲಿ ಇನ್ನೂ ಪಾತಾಳದಲ್ಲಿರುವ ಕಂಪನಿ, ಶಿಖರವನ್ನು ಆಗಲೇ ದಾಟಿಹೋಗಿದೆ ಎಂದಾಗುತ್ತದೆ! ಆಮೇಲೆ ನೀವು ಕಾಯುವುದಾದರೂ ಯಾವುದಕ್ಕೆ?

ಆದ್ದರಿಂದ ಬೆಲೆಯನ್ನು ಮಾತ್ರ ನೋಡಿ. ನೋಡಿದ ಮೇಲೆ ಇಳಿದಾಗಲೆಲ್ಲ ಕೊಳ್ಳಿ. ಬಲ್ಲವರು ಇದನ್ನು ‘ಆವರೇಜ್ ಮಾಡುವುದು’ ಎನ್ನುತ್ತಾರೆ. 400ಕ್ಕೆ ಹತ್ತು, 200ಕ್ಕೆ ಹತ್ತು, 100ಕ್ಕೆ ಹತ್ತು, 50ಕ್ಕೆ ಹತ್ತು. ನಿಮ್ಮ ಸರಾಸರಿ 187 ರೂಪಾಯಿ 50 ಪೈಸೆಗೆ ಇಳಿಯಿತು. ‘ಕೊಂಡ ಬೆಲೆಯನ್ನು ಅರ್ಧಕ್ಕಿಂತ ಕೆಳಗೆ ತಂದೆ’ ಎಂದು ಮನೆಯಲ್ಲಿ ಹೇಳಿ. ಹಾಕಿದ್ದು 7,500, ಉಳಿದದ್ದು 2,000 ಎಂಬ ಲೆಕ್ಕ ಅವರಿಗೆ ಬೇಡ.

ಕೊಳ್ಳುವಾಗ ಕೈ ನಡುಗಿದರೆ ಈ ಸೂತ್ರ ಹೇಳಿಕೊಳ್ಳಿ: ‘ಶೇ 90 ಬಿದ್ದಾಗಿದೆ, ಇನ್ನೆಲ್ಲಿಗೆ ಬೀಳುತ್ತದೆ?’ 460ರ ಷೇರು 46ಕ್ಕೆ ಬಂದಾಗ ಇದೇ ಸೂತ್ರ ನಂಬಿ ಕೊಂಡವರಿದ್ದರು. 46ರಿಂದ 2ಕ್ಕೆ ಬೀಳುವುದೆಂದರೆ ಮತ್ತೆ ಶೇ 95. ಬಿದ್ದದ್ದಕ್ಕೆ ಬೀಳಲು ಯಾವಾಗಲೂ ಪೂರ್ತಿ ಶೇ 100 ಜಾಗವಿರುತ್ತದೆ ಎಂದು ಗಣಿತ ಬಲ್ಲವರು ಗೊಣಗುತ್ತಾರೆ. ಗೊಣಗಲಿ.

ಭಾಷಣ ಮಾಡಲು ಹೋಗುವವರು ಶುರುವಿನ ದಿನಾಂಕವನ್ನು ಎಚ್ಚರದಿಂದ ಆರಿಸಿಕೊಳ್ಳಿ. ಷೇರು ಮಾರಬೇಕೆಂದಿದ್ದರೆ 2020ರ ಮಾರ್ಚ್‌ನಿಂದ ಲೆಕ್ಕ ಹಾಕಿ: ಎರಡರಿಂದ ಎಂಬತ್ತು, ನಲವತ್ತು ಪಟ್ಟು, ಹಾಕಿದ ಲಕ್ಷ ನಲವತ್ತು ಲಕ್ಷ. ಷೇರುಪೇಟೆ ಜೂಜು ಎಂದು ಸಾಧಿಸಬೇಕಿದ್ದರೆ 2008ರ ಜನವರಿಯಿಂದ ಹಾಕಿ. ಕಂಪನಿ ಅದೇ, ಚಾರ್ಟು ಅದೇ. ಟಿಪ್ಸ್ ಕೊಡುವವರಲ್ಲಿ ಬಹುಪಾಲು ಜನ ಈ ಒಂದು ವಿದ್ಯೆಯಲ್ಲೇ ಬದುಕುತ್ತಿದ್ದಾರೆ, ಹೊಟ್ಟೆಕಿಚ್ಚು ಬೇಡ.

ಡಿವಿಡೆಂಡನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕೋಲ್ ಇಂಡಿಯಾ 2010ರಲ್ಲಿ 245 ರೂಪಾಯಿಗೆ ಷೇರು ಕೊಟ್ಟಿತು, 2020ರಲ್ಲಿ ಅದರ ಅರ್ಧದ ಹತ್ತಿರ ಇತ್ತು. ಚಾರ್ಟು ಇಷ್ಟೇ ಹೇಳುತ್ತದೆ, ಅಷ್ಟೇ ಕೇಳಿ. ನಡುವೆ 2014ರ ಜನವರಿಯಲ್ಲಿ ಒಂದೇ ಸಲಕ್ಕೆ ಷೇರಿಗೆ 29 ರೂಪಾಯಿ ಕೊಟ್ಟದ್ದೂ, ಉಳಿದ ವರ್ಷಗಳಲ್ಲೂ ಕೊಡುತ್ತಾ ಬಂದದ್ದೂ ಬೆಲೆಯ ಗೆರೆಯಲ್ಲಿ ಕಾಣುವುದಿಲ್ಲ. ಅದು ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಕಾಣುತ್ತದೆ, ಪಾಸ್‌ಬುಕ್ಕನ್ನು ಎಂಟ್ರಿ ಹಾಕಿಸಲು ಒಯ್ಯಬೇಡಿ.

ಕೊನೆಯ ಹೆಜ್ಜೆ, ತುಸು ಸರ್ಕಾರಿ ಕೆಲಸ. ಈಗಿರುವಷ್ಟೇ ಷೇರುಗಳಿದ್ದು ಬೆಲೆ 460 ಆಗಬೇಕಾದರೆ ಸುಜ್ಲಾನಿನ ಒಟ್ಟು ಮೌಲ್ಯ 6 ಲಕ್ಷ ಕೋಟಿ ಮೀರಬೇಕು. ದೇಶದ ಅತಿ ದೊಡ್ಡ ವಿದ್ಯುತ್ ಉತ್ಪಾದಕ ಎನ್‌ಟಿಪಿಸಿಯ ಮೌಲ್ಯ 2024ರ ಏರಿಕೆಯಲ್ಲೂ ಆ ಎತ್ತರ ಮುಟ್ಟಲಿಲ್ಲ. ಆದ್ದರಿಂದ ಈ ವಾರವೇ ಡಿಮ್ಯಾಟ್ ಖಾತೆಗೆ ನಾಮಿನಿಯ ಹೆಸರು ತುಂಬಿಸಿ. ಮಗನನ್ನು ಬಿಡಿ, ಮೊಮ್ಮಕ್ಕಳಲ್ಲಿ ಎಲ್ಲರಿಗಿಂತ ಚಿಕ್ಕವರನ್ನು ಆರಿಸಿ.