ಸೂಜಿಗೂ ಒಂದು ಎಲೆ

ನಮ್ಮೂರು ಮಧುಗಿರಿ, ನನ್ನ ಕಾಯಿಲೆ ಮಧುಮೇಹ. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಎದುರಿಗಿದ್ದವರು ನಕ್ಕಿರುತ್ತಾರೆ. "ಜೇನಿನ ಬೆಟ್ಟದ ಬುಡದಲ್ಲಿ ಹುಟ್ಟಿದೋನಿಗೆ ಸಕ್ಕರೆ ಕಾಯಿಲೆ ಬರದೆ ಇನ್ನೇನು ನೆಗಡಿ ಬರುತ್ತಾ?" ಎಂದವರೂ ಉಂಟು. ಅಂಥವರಿಗೆ ನಾನು ಊರಿನ ಹಳೇ ಹೆಸರು ನೆನಪಿಸುತ್ತೇನೆ: ಮದ್ದಗಿರಿ. ನಮ್ಮ ಕಡೆ ಹಿರಿಯರ ಬಾಯಲ್ಲಿ ಇವತ್ತಿಗೂ ಅದೇ. ಒಂದು ಹೆಸರಲ್ಲಿ ಕಾಯಿಲೆ, ಇನ್ನೊಂದು ಹೆಸರಲ್ಲಿ ಮದ್ದು ಇಟ್ಟುಕೊಂಡ ಊರು ಬೇರೆ ಎಲ್ಲಿದೆ, ತೋರಿಸಿ ನೋಡೋಣ.

ನನ್ನದು ಟೈಪ್ ಒನ್. ಹತ್ತೊಂಬತ್ತನೇ ವಯಸ್ಸಿನಲ್ಲಿ ಮೈಯೊಳಗಿನ ಕಾವಲುಗಾರರಿಗೇ ತಲೆಕೆಟ್ಟು, ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಕಳ್ಳರೆಂದುಕೊಂಡು ಬಡಿದು ಹಾಕಿದರು. ಸಿಹಿ ತಿಂದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಅಂದಿನಿಂದ ದಿನಕ್ಕೆ ನಾಲ್ಕು ಸಲ ಸೂಜಿ. ಪಾವಗಡದ ಚಿಕ್ಕಮ್ಮನ ಲೆಕ್ಕ ಮಾತ್ರ ಬೇರೆ. "ನಿಂದು ಇನ್ನೂ ಒನ್ನೇ ಅಂತೆ ಕಣಪ್ಪ, ದೇವ್ರು ದೊಡ್ಡೋನು. ನಿಮ್ ಚಿಕ್ಕಪ್ಪಂಗೆ ಆಗ್ಲೇ ಟೂ ಆಗೋಗಿದೆ!"

ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವ ಮೇಷ್ಟ್ರು ನಾನು. ಒಂದೂ ಎರಡೂ ಬರೀ ಹೆಸರು, ಕ್ಲಾಸು ಪಾಸಾಗಿ ಮುಂದೆ ಹೋಗುವುದಲ್ಲ ಎಂದು ಇಪ್ಪತ್ತು ವರ್ಷದಿಂದ ವಿವರಿಸುತ್ತಿದ್ದೇನೆ. ಚಿಕ್ಕಮ್ಮ ಇನ್ನೂ ಪಾಸಾಗಿಲ್ಲ.

ಇದರ ಮೇಲೆ ತೂಕ ಬೇರೆ. 86 ಕೆ.ಜಿ. "ಸಕ್ಕರೆ ಕಾಯಿಲೆಯೋರು ಒಣಗಿರ್ತಾರೆ, ಇವನ್ಯಾಕೆ ಹಿಂಗೆ ಊದಿದಾನೆ?" ಎಂದು ನೆಂಟರಿಗೆಲ್ಲ ಅನುಮಾನ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕಲ್ಲಿ ನಮಗೆ ನೆಂಟರಿದ್ದಾರೆ. ಆದ್ದರಿಂದ ತೂಕ ಇಳಿಸಲು ಸಲಹೆಯೂ ತಾಲ್ಲೂಕುವಾರು ಬಂತು.

ಮೊದಲ ಸಲಹೆ ಸ್ವಂತದ್ದು: ಬೆಟ್ಟ ಹತ್ತುವುದು. ನಮ್ಮ ಏಕಶಿಲಾ ಬೆಟ್ಟ 3,930 ಅಡಿ. ಹೆದರಬೇಡಿ, ಅದು ಸಮುದ್ರಮಟ್ಟದಿಂದ. ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಊರೇ ಹತ್ತಿ ಕೊಟ್ಟಿದೆ. ಒಂದು ಭಾನುವಾರ ಮೂರು ತಟ್ಟೆ ಇಡ್ಲಿ ತಿಂದು, ಅದಕ್ಕೆ ಎಂದಿನಷ್ಟೇ ಇನ್ಸುಲಿನ್ ಚುಚ್ಚಿಕೊಂಡು, ಹೆಂಡತಿಯ ಜೊತೆ ಹೊರಟೆ. ಅರ್ಧ ಬೆಟ್ಟಕ್ಕೆ ಕೈ ನಡುಗಿತು, ತಣ್ಣನೆ ಬೆವರು. ಜೊತೆಗೆ ಕಾರಣವಿಲ್ಲದ ಸಿಟ್ಟು. ಈ ಬೆಟ್ಟವನ್ನು ಇಷ್ಟು ಕಡಿದಾಗಿ ಯಾಕೆ ಇಟ್ಟಿದ್ದಾರೆ ಎಂದು ಹೆಂಡತಿಯನ್ನು ಗದರಿದೆ. ಅವಳು ಉತ್ತರ ಕೊಡದೆ ಬಾಳೆಹಣ್ಣು ಕೊಟ್ಟಳು. ಆಮೇಲೆ ಇನ್ನೊಂದು. ಆಮೇಲೆ ಜ್ಯೂಸು, ಕೊಬ್ಬರಿ ಮಿಠಾಯಿ, ಕೊನೆಗೆ ತುದಿಯಲ್ಲಿ ಕೂತು ತಿನ್ನೋಣವೆಂದು ತಂದಿದ್ದ ಒಬ್ಬಟ್ಟು. ತುದಿಗೆ ಹೋಗಲೇ ಇಲ್ಲ. ಮನೆಗೆ ಬಂದು ನೋಡಿದರೆ ಮೀಟರಿನಲ್ಲಿ 312. ಹೀಗೆ ಎಂಟು ಭಾನುವಾರ ಹತ್ತಿ ಇಳಿದು ಒಂದೂವರೆ ಕೆ.ಜಿ. ಜಾಸ್ತಿಯಾದೆ.

ತುಮಕೂರಿನ ಡಾಕ್ಟರು ಕೇಳಿ ನಕ್ಕರು. "ಮೇಷ್ಟ್ರೇ, ನೀವು ಹೋಗಿದ್ದು ಬೆಟ್ಟಕ್ಕಲ್ಲ, ಸಮಾರಾಧನೆಗೆ. ಅದೂ ನಿಮ್ಮ ಹಸಿವಿಗಲ್ಲ. ಚುಚ್ಚಿಕೊಂಡ ಇನ್ಸುಲಿನ್ನಿಗೆ ಎಲೆ ಹಾಕಿ ಬಡಿಸ್ತಾ ಇದ್ದೀರಿ."

ಆಮೇಲೆ ನಮ್ಮ ಕಡೆಯವರಿಗೆ ಅರ್ಥವಾಗುವ ಹಾಗೆ ಹೇಳಿದರು. ಕೆಲಸ ಮಾಡುವ ಸ್ನಾಯು ತಾನಾಗಿಯೇ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ಇನ್ಸುಲಿನ್ ಕೂಡ ಅದೇ ಕೆಲಸ ಮಾಡಿಸುತ್ತದೆ. ಕಾಯಿಲೆ ಇಲ್ಲದವರಲ್ಲಿ ನಡೆಯಲು ಶುರು ಮಾಡಿದೊಡನೆ ಮೈಯೇ ಇನ್ಸುಲಿನ್ ತಗ್ಗಿಸುತ್ತದೆ. ನಮ್ಮದು ಚುಚ್ಚಿ ಆಗಿದೆ, ವಾಪಸ್ ತೆಗೆಯುವಂತಿಲ್ಲ. ಒಂದೇ ಬೋರ್‌ವೆಲ್ಲಿಗೆ ಎರಡು ಮೋಟರು! "ಬಾವಿ ಬತ್ತಿದ ಮೇಲೆ ಟ್ಯಾಂಕರ್ ತರಿಸೋದಕ್ಕಿಂತ ಮೊದಲೇ ಒಂದು ಮೋಟರು ಸಣ್ಣ ಮಾಡಬಾರದಾ?" ಎಂದರು. ಅಂದರೆ ಊಟವಾದ ಒಂದೂವರೆ ಗಂಟೆಯೊಳಗೆ ಹೊರಡುವುದಾದರೆ ಆ ಊಟದ ಇನ್ಸುಲಿನ್ನನ್ನು ಕಾಲು ಭಾಗದಿಂದ ಮುಕ್ಕಾಲು ಭಾಗದವರೆಗೆ ತಗ್ಗಿಸಬೇಕಾಗಬಹುದು. ಎಷ್ಟು ಎನ್ನುವುದು ನಡಿಗೆಯ ಬಿರುಸು, ಹೊತ್ತು ನೋಡಿ ಅವರವರ ಡಾಕ್ಟರು ಹೇಳಬೇಕು, ಲೆಕ್ಕದ ಮೇಷ್ಟ್ರಲ್ಲ.

ಚೀಟಿಯ ಹಿಂದೆ ಬರೆದುಕೊಟ್ಟ ಅಂಕಿಗಳು ನನಗೆ ಮಗ್ಗಿಯ ಹಾಗೆ ಬಾಯಿಪಾಠ. ಹೊರಡುವಾಗ ಸಕ್ಕರೆ 126ರಿಂದ 180ರ ಒಳಗಿದ್ದರೆ ನಡಿ. 90ಕ್ಕಿಂತ ಕೆಳಗಿದ್ದರೆ 10ರಿಂದ 20 ಗ್ರಾಂ ಗ್ಲೂಕೋಸ್ ತಿಂದು, ಏರುವ ತನಕ ಜಗಲಿಯ ಮೇಲೆ ಕೂತಿರು. 270 ದಾಟಿದ್ದರೆ ಕೀಟೋನ್ ನೋಡು. ಅದೂ ಏರಿದ್ದರೆ ಅವತ್ತು ಬೆಟ್ಟಕ್ಕೆ ಕೈಮುಗಿದು ಮನೆಯಲ್ಲಿರು. ಹಿಂದಿನ ದಿನ ಪ್ರಜ್ಞೆ ತಪ್ಪುವಷ್ಟು ಸಕ್ಕರೆ ಇಳಿದಿದ್ದರೂ ರಜಾ. ದಾರಿಯಲ್ಲಿ ಅರ್ಧ ಗಂಟೆಗೊಮ್ಮೆ ನೋಡಿಕೊ. 70ರ ಕೆಳಗೆ ಇಳಿದರೆ ನಿಂತು, 15 ಗ್ರಾಂ ಗ್ಲೂಕೋಸ್ ತಿಂದು, 15 ನಿಮಿಷ ಬಿಟ್ಟು ಮತ್ತೆ ನೋಡು. ಮಿಠಾಯಿ, ಚಿಕ್ಕಿ ಬೇಡ. ಅವುಗಳ ಕೊಬ್ಬು ಸಕ್ಕರೆಯನ್ನು ತಡಮಾಡಿ ಬಿಡುತ್ತದೆ. ನಾವು ಕಾಯದೆ ಇನ್ನೊಂದು ತಿನ್ನುತ್ತೇವೆ. ಆ 15 ಗ್ರಾಮಿಗೆ 60 ಕ್ಯಾಲೊರಿ ಅಷ್ಟೇ. ನನ್ನ ಬುತ್ತಿಯ ಲೆಕ್ಕ ಹಾಕಲು ಡಾಕ್ಟರು ಮನಸ್ಸು ಮಾಡಲಿಲ್ಲ, ಅದು ಅವರ ದೊಡ್ಡತನ.

ಎರಡನೇ ಸಲಹೆ ಶಿರಾದ್ದು. ಉತ್ತರ ಕರ್ನಾಟಕದವರಿಗೆ ಶಿರಾ ಅಂದರೆ ತುಪ್ಪದಲ್ಲಿ ಮುಳುಗಿದ ಸಿಹಿ. ನಮಗೆ ಅದು ಅಕ್ಕನನ್ನು ಕೊಟ್ಟ ಊರು, ಅಲ್ಲಿಯೂ ತುಪ್ಪಕ್ಕೆ ಕೊರತೆಯಿಲ್ಲ. ಅಕ್ಕನ ಮಗ ಜಿಮ್ಮಿನ ಹುಡುಗ. "ಮಾವ, ಬರೀ ಕೋಟೆ ಸುತ್ತ ನಡೆದ್ರೆ ಏನೂ ಆಗಲ್ಲ, ಕಬ್ಬಿಣ ಎತ್ಬೇಕು" ಎಂದು ಎಳೆದುಕೊಂಡು ಹೋದ. ಎತ್ತಿದೆ. 160 ಇದ್ದ ಸಕ್ಕರೆ 230ಕ್ಕೆ ಏರಿತು. ಕಷ್ಟಪಟ್ಟಿದ್ದಕ್ಕೆ ದಂಡ! ಆಮೇಲೆ ತಿಳಿದದ್ದೇನೆಂದರೆ, ಭಾರ ಎತ್ತುವಾಗ, ಜೋರಾಗಿ ಓಡುವಾಗ ಉಕ್ಕುವ ಅಡ್ರಿನಾಲಿನ್ ಯಕೃತ್ತಿಗೆ ಹೇಳಿ ಕೂಡಿಟ್ಟ ಸಕ್ಕರೆ ಹೊರಹಾಕಿಸುತ್ತದೆ. ಆ ಏರಿಕೆ ಹೊತ್ತಿನದು. ಗಾಬರಿಬಿದ್ದು ಪೂರ್ತಿ ಡೋಸ್ ಚುಚ್ಚಿಕೊಂಡರೆ ಎರಡು ಗಂಟೆಯಲ್ಲಿ ಪಾತಾಳ, ಮತ್ತೆ ಸೂಜಿಗೆ ಎಲೆ. ಮೊದಲು ಭಾರ ಎತ್ತಿ ಆಮೇಲೆ ನಡೆದರೆ ಸಕ್ಕರೆ ಕುಸಿಯುವುದು ಕಡಿಮೆ. ಹುಡುಗ ಹೇಳಿದ್ದು ಅರ್ಧ ಸರಿ. ಉಳಿದರ್ಧಕ್ಕೆ ಅವನು ವಾಸಿಂ ಅಕ್ರಮ್‌ನನ್ನು ಸಾಕ್ಷಿಗೆ ಕರೆದ. 1997ರಲ್ಲಿ ಟೈಪ್ ಒನ್ ಎಂದು ಗೊತ್ತಾದ ಮೇಲೂ ಆಡಿ, 2003ರ ವಿಶ್ವಕಪ್ಪಿನಲ್ಲಿ ಏಕದಿನ ಪಂದ್ಯಗಳ 500ನೇ ವಿಕೆಟ್ ಕಿತ್ತವನು. "ನೀವು ಐನೂರು ಕೀಳೋದು ಬೇಡ ಮಾವ, ಐದು ಕೆ.ಜಿ. ಇಳಿಸಿ ಸಾಕು."

ಅಕ್ಕನ ಜೊತೆ ಜಗಳವಾದದ್ದು ಮುದ್ದೆಯ ವಿಷಯಕ್ಕೆ. ರಾಗಿ ತಿಂದರೆ ಶುಗರ್ ಏರುವುದಿಲ್ಲ ಎನ್ನುವುದು ನಮ್ಮ ಜಿಲ್ಲೆಯ ಧರ್ಮಶ್ರದ್ಧೆ. ಆದರೆ ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಪಿಷ್ಟವಿದೆ, ಹೆಚ್ಚುಕಡಿಮೆ ಅಕ್ಕಿಯಷ್ಟೇ. ನಾರು ಇರುವುದರಿಂದ ಏರುವುದು ನಿಧಾನ, ಏರದೆ ಇರುವುದಿಲ್ಲ. ಸೂಜಿಯ ಡೋಸು ನಿರ್ಧಾರವಾಗುವುದು ಈ ಪಿಷ್ಟದ ಲೆಕ್ಕದ ಮೇಲೆ. ಮುದ್ದೆಗೆ ಐಎಸ್‌ಐ ಮಾರ್ಕು ಇಲ್ಲವಲ್ಲ! ನಮ್ಮ ಮನೆಯದು ಕಿತ್ತಳೆಯಷ್ಟು, ಹೋಟೆಲಿನದು ತೆಂಗಿನಕಾಯಿಯಷ್ಟು, ಅಕ್ಕನದು ಅವಳ ಪ್ರೀತಿಯಷ್ಟು. ಹಾಗಾಗಿ ಚೀಲದಿಂದ ಪುಟ್ಟ ತಕ್ಕಡಿ ತೆಗೆದೆ. ಅಕ್ಕನ ಕಣ್ಣು ಕೆಂಪಾಯಿತು. "ನಾನ್ ಕಟ್ಟಿದ ಮುದ್ದೇನ ತೂಕ ಹಾಕ್ತೀಯೇನೋ? ಚಿನ್ನದಂಗಡಿ ಸೇಟು ಆಗ್ಬಿಟ್ಯಾ?" ಎಂದು ಇನ್ನೊಂದು ಮುದ್ದೆ ಹಾಕಿದಳು. ಉಪ್ಸಾರು ಚೆನ್ನಾಗಿತ್ತು. ತೂಕ ಹಾಕಿಯೇ ತಿಂದೆ.

ಮೂರನೆಯದು ಕೊರಟಗೆರೆಯ ಭಾವನದು. ಸಿದ್ದರಬೆಟ್ಟದ ನೆರಳಲ್ಲಿ ಬೆಳೆದವರಿಗೆ ಪ್ರತಿ ಕಾಯಿಲೆಗೂ ಒಂದು ಸೊಪ್ಪು ಗೊತ್ತಿರುತ್ತದೆ. ಭಾವ ಹಿತ್ತಲಿನ ಬಳ್ಳಿಯಿಂದ ನಾಲ್ಕು ಎಲೆ ಕಿತ್ತು, "ಮಧುನಾಶಿನಿ! ಅಗೀರಿ ಮೇಷ್ಟ್ರೇ, ಸಕ್ಕರೆ ಸತ್ತೋಗುತ್ತೆ" ಎಂದರು. ನೆಂಟಸ್ತಿಕೆಗೆ ಕಟ್ಟುಬಿದ್ದು ಅಗಿದು, ಅವರ ಜೊತೆಗೇ ಸಿದ್ದರಬೆಟ್ಟ ಹತ್ತಿದೆ. ಭಾವ ಭಕ್ತಿಯಿಂದ ಬರಿಗಾಲು. ನಾನು ಬೂಟು ಬಿಡಲಿಲ್ಲ, ಸಕ್ಕರೆಯವರ ಕಾಲಿಗೆ ಮುಳ್ಳು ಚುಚ್ಚಿದ್ದು ಗೊತ್ತಾಗುವುದೂ ತಡ, ಗಾಯ ಮಾಯುವುದೂ ತಡ. ಗುಹೆ ಹತ್ತಿರವಾಗುವಾಗ ಮೀಟರು 64 ತೋರಿಸಿತು. ಜೇಬಿನಿಂದ ಗ್ಲೂಕೋಸ್ ಪುಡಿ ತೆಗೆದು ಬಾಯಿಗೆ ಹಾಕಿಕೊಂಡೆ. ಮರಳು! ಅಪ್ಪಟ ಮರಳು! ಅಂಗಡಿಯವನು ಮೋಸ ಮಾಡಿದನೆಂದು ಭಾವನಿಗೆ ಕೊಟ್ಟೆ. ಅವರೂ ಎಲೆ ಅಗಿದಿದ್ದರು. "ಹೌದು ಕಣ್ರೀ, ಸುಣ್ಣದ ಪುಡಿ ಇದು" ಎಂದು ಉಗುಳಿದರು.

ಮೋಸ ಅಂಗಡಿಯವನದಲ್ಲ. ಆ ಎಲೆಯಲ್ಲಿರುವ ಅಂಶ ನಾಲಗೆಗೆ ಸಿಹಿ ತಿಳಿಯದ ಹಾಗೆ ಕೆಲ ಹೊತ್ತು ಮಂಕು ಹಾಕುತ್ತದೆ. ಸತ್ತದ್ದು ಸಕ್ಕರೆಯಲ್ಲ, ರುಚಿ. ಬೀಟಾ ಕೋಶವೇ ಇಲ್ಲದವನಿಗೆ ಯಾವ ಎಲೆಯೂ ಇನ್ಸುಲಿನ್ ತಂದುಕೊಡಲಾರದು. ಮರಳನ್ನೇ ನುಂಗಿ ಕೂತೆ. 15 ನಿಮಿಷಕ್ಕೆ 92 ಆಯಿತು. ನಾಲಗೆ ನಂಬದಿದ್ದರೂ ರಕ್ತ ನಂಬಿತು. ಅವತ್ತಿನ ಕಥೆ ಅಲ್ಲಿಗೇ ಮುಗಿಯಲಿಲ್ಲ. ಬೆಟ್ಟ ಇಳಿದದ್ದು ಸಂಜೆ ಆರಕ್ಕೆ, ಸಕ್ಕರೆ ಇಳಿದದ್ದು ರಾತ್ರಿ ಎರಡಕ್ಕೆ. ಖಾಲಿಯಾದ ಸ್ನಾಯುಗಳು ರಾತ್ರಿಯೆಲ್ಲ ಸಕ್ಕರೆ ತುಂಬಿಕೊಳ್ಳುತ್ತಲೇ ಇರುತ್ತವೆ. ಅಂದಿನಿಂದ ನನ್ನ ನಡಿಗೆ ಬೆಳಗಿನ ಜಾವಕ್ಕೆ, ತಿಂಡಿಗೆ ಮೊದಲು. ಆಗ ಮೈಯಲ್ಲಿ ಊಟದ ಇನ್ಸುಲಿನ್ ಇರುವುದಿಲ್ಲ, ಒಂದೇ ಮೋಟರು.

ಇನ್ನು ಪಾವಗಡ. ಅಲ್ಲಿಯ ಬಿಸಿಲು ಎಂಥದ್ದೆಂದರೆ ಸರ್ಕಾರ 13,000 ಎಕರೆಯಲ್ಲಿ ಅದನ್ನೇ ಬೆಳೆಯುತ್ತಿದೆ, 2,050 ಮೆಗಾವ್ಯಾಟ್. ಆ ಬಿಸಿಲಿಗೆ ಇನ್ಸುಲಿನ್ ಕೆಟ್ಟುಹೋಗುತ್ತದೆಂದು ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಕುಡಿಕೆಯಲ್ಲಿಟ್ಟುಕೊಂಡು ಹೋಗಿದ್ದೆ. ಚಿಕ್ಕಮ್ಮ, "ಇದೇನಪ್ಪಾ, ಅಸ್ಥಿ ಬಿಡಾಕೆ ಹೊಂಟಿದೀಯ?" ಎಂದರು. ಆಮೇಲೆ ಸಲಹೆ: "ಶನಿವಾರ ಶನಿಮಹಾತ್ಮನ ಹೆಸರಲ್ಲಿ ಉಪವಾಸ ಇರು. ಊಟನೂ ಬೇಡ, ಸೂಜಿನೂ ಬೇಡ. ಎಂಟು ವಾರದಾಗೆ ಕಡ್ಡಿ ಆಗ್ತೀಯ."

ಇಲ್ಲಿ ಮಾತ್ರ ನನಗೆ ನಗು ಬರಲಿಲ್ಲ. ಏಕೆಂದರೆ ಚಿಕ್ಕಮ್ಮ ಹೇಳಿದ್ದು ನಿಜ, ಕಡ್ಡಿ ಆಗುತ್ತೇನೆ. ಟೈಪ್ ಒನ್ ಇದ್ದವನಿಗೆ ತೂಕ ಇಳಿಸುವಷ್ಟು ಸುಲಭ ಯಾವುದೂ ಇಲ್ಲ, ಸೂಜಿ ಬಿಟ್ಟರಾಯಿತು. ಹೊಟ್ಟೆ ಖಾಲಿಯಿದ್ದರೂ ಯಕೃತ್ತು ಸಕ್ಕರೆ ಬಿಡುತ್ತಲೇ ಇರುತ್ತದೆ. ಇನ್ಸುಲಿನ್ ಇಲ್ಲದೆ ಅದು ಉಪಯೋಗಕ್ಕೆ ಬಾರದೆ ಮೈ ತನ್ನ ಕೊಬ್ಬನ್ನೇ ಸುಡುತ್ತದೆ, ರಕ್ತ ಹುಳಿಯಾಗುತ್ತದೆ. ವಾಂತಿ, ಹೊಟ್ಟೆನೋವು, ಉಸಿರಿನಲ್ಲಿ ಕೊಳೆತ ಹಣ್ಣಿನ ವಾಸನೆ. ಒಂದೆರಡು ದಿನ ಸಾಕು. ಹತ್ತೊಂಬತ್ತರಲ್ಲಿ ನಾನು ಒಂದೇ ತಿಂಗಳಿಗೆ ಹನ್ನೊಂದು ಕೆ.ಜಿ. ಇಳಿದಾಗ ಇದೇ ನಾಲ್ಕು ತಾಲ್ಲೂಕಿನವರು "ಹೀರೋ ಥರ ಆಗಿದೀಯ ಕಣೋ" ಎಂದು ಹೊಗಳಿದ್ದರು. ಹೀರೋ ಐಸಿಯುನಲ್ಲಿ ಕಣ್ಣುಬಿಟ್ಟ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಮೊದಲ ಇನ್ಸುಲಿನ್ ಪಡೆದ ಲಿಯೊನಾರ್ಡ್ ಥಾಂಪ್ಸನ್‌ಗೆ 14 ವರ್ಷ, ತೂಕ 30 ಕೆ.ಜಿ. ಆಸುಪಾಸು. ಅದಕ್ಕೂ ಮುಂಚೆ ಈ ಕಾಯಿಲೆಗೆ ಇದ್ದ ಚಿಕಿತ್ಸೆಯೇ ಉಪವಾಸ. ಎಲ್ಲರೂ ಸಣ್ಣಗಾಗುತ್ತಿದ್ದರು, ಆಮೇಲೆ ಇರುತ್ತಿರಲಿಲ್ಲ. ಊಟ ಬಿಟ್ಟರೆ ಊಟದ ಸೂಜಿ ಬಿಡಬಹುದು. ದಿನವಿಡೀ ಕಾಯುವ ದೀರ್ಘಾವಧಿಯ ಇನ್ಸುಲಿನ್ನನ್ನು ಪೂರಾ ಬಿಡುವಂತಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಚಿಕ್ಕಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗ್ಲಿ, ದೇವಸ್ಥಾನಕ್ಕೆ ಮೂರು ಸುತ್ತು ಜಾಸ್ತಿ ಹಾಕು" ಎಂದರು. ನಾಲ್ಕು ತಾಲ್ಲೂಕಿನ ಸಲಹೆಗಳಲ್ಲಿ ಅಡ್ಡಪರಿಣಾಮವಿಲ್ಲದ್ದು ಅದೊಂದೇ.

ಆಮೇಲೆ ನಿಧಾನಕ್ಕೆ ಇಳಿದೆ. ತಿಂಗಳಿಗೆ ಅರ್ಧ ಕೆ.ಜಿ., ಕೆಲವು ತಿಂಗಳು ಅದೂ ಇಲ್ಲ. ತೂಕ ಇಳಿದ ಹಾಗೆ ಡೋಸನ್ನೂ ಇಳಿಸಬೇಕು. ಮರೆತರೆ ಸೂಜಿ ಮತ್ತೆ ಎಲೆಗೆ ಬಂದು ಕೂರುತ್ತದೆ. ಒಂದೂವರೆ ವರ್ಷಕ್ಕೆ 86 ಇದ್ದದ್ದು 79 ಆಯಿತು. ನಡುವೆ ಒಂದು ಬೆಳಗ್ಗೆ ಮಧುಗಿರಿ ಬೆಟ್ಟದ ತುದಿಯ ಪಾಳು ಗುಡಿಯ ಮುಂದೆ ಕೂತು ಒಬ್ಬಟ್ಟು ಬಿಚ್ಚಿದೆವು. ಟೈಪ್ ಒನ್ ಇದ್ದ ಆಸ್ಟ್ರಿಯಾದ ಗೇರಿ ವಿಂಕ್ಲರ್ 2006ರಲ್ಲಿ ಎವರೆಸ್ಟ್ ಹತ್ತಿದ್ದಾನೆ ಎಂದು ಹೆಂಡತಿಗೆ ಹೇಳಿದೆ. "ಅವರ ಹೆಂಡತೀನ ಬೈದಿದ್ರಾ?" ಎಂದಳು.

ಈ ಯುಗಾದಿಗೆ ನಾಲ್ಕೂ ತಾಲ್ಲೂಕು ನಮ್ಮ ಮನೆಯಲ್ಲಿ ಸೇರಿತ್ತು. ಬಾಗಿಲಲ್ಲೇ ಚಿಕ್ಕಮ್ಮ ಕೆನ್ನೆ ಹಿಡಿದು, "ಏಮ್ರಾ, ಸಣ್ಣಗಾಗೋಗಿದೀಯ!" ಎಂದರು. ಎದೆ ಧಸಕ್ಕೆಂದಿತು. ಈ ಮಾತನ್ನು ನಾನು ಒಮ್ಮೆ ಕೇಳಿ ಅನುಭವಿಸಿದವನು. ಒಳಗೆ ಹೋಗಿ ಬೆರಳು ಚುಚ್ಚಿ ನೋಡಿದೆ, 128. ಉಸಿರು ಬಿಟ್ಟು ಹೊರಬಂದು ಪಂಕ್ತಿಯಲ್ಲಿ ಕೂತೆ. ಒಬ್ಬಟ್ಟನ್ನು ತಕ್ಕಡಿಗೆ ಹಾಕಿ, ಲೆಕ್ಕ ಮಾಡಿ, ಅದಕ್ಕೆ ತಕ್ಕಷ್ಟು ಚುಚ್ಚಿಕೊಂಡೆ. ಮೊದಲು ನನ್ನ ಎಲೆ, ಆಮೇಲೆ ಸೂಜಿಯದು.

ಚಿಕ್ಕಮ್ಮ ಕೋಸಂಬರಿ ಕಲಸುತ್ತ ಎಲ್ಲವನ್ನೂ ಗಮನಿಸುತ್ತಿದ್ದರು. ಕೊನೆಗೆ ಪಕ್ಕದಲ್ಲಿದ್ದ ಭಾವನಿಗೆ ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು: "ಏಳು ಕೆ.ಜಿ. ಇಳಿದವ್ನೆ ನೋಡಿ. ಒನ್ ಇದ್ದಿದ್ದು ಈಗ ಅರ್ಧಕ್ಕೆ ಬಂದಿರ್ಬೇಕು."