ಇಂದು ನಗದು, ನಾಳೆ ಸಮಾನತೆ

"ಜೀನನ್ನೇ ತಿದ್ದಿ ಸೂಪರ್‌ಮ್ಯಾನ್ ಮಾಡಿಬಿಟ್ಟರೆ ಕರಿಯ-ಬಿಳಿಯ, ಬಡವ-ಬಲ್ಲಿದ ಎಲ್ಲ ಒಂದೇ ಸ್ವಾಮಿ!" ಎನ್ನುತ್ತಾರೆ ಭವಿಷ್ಯಾನಂದರು. ಒಂದೇ, ಬಿಲ್ಲು ಬರುವ ತನಕ. ಅಮೆರಿಕದಲ್ಲಿ ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತರೋಗದಿಂದ ನರಳುವ ಸುಮಾರು 1,00,000 ಜನರಲ್ಲಿ ಬಹುಪಾಲು ಕಪ್ಪು ಜನರೇ. 2023ರ ಡಿಸೆಂಬರಿನಲ್ಲಿ ಅವರಿಗೆಂದು ಜೀನು ತಿದ್ದುವ ಕ್ಯಾಸ್ಜೆವಿ ಚಿಕಿತ್ಸೆಗೆ ಅಲ್ಲಿ ಒಪ್ಪಿಗೆ ಸಿಕ್ಕಿತು. ಬೆಲೆ 22 ಲಕ್ಷ ಡಾಲರ್. ರೋಗ ನೀಗಲಿಕ್ಕೇ ಇಷ್ಟಾದರೆ, ಬುದ್ಧಿ ಬೆಳೆಸಲಿಕ್ಕೆ ಎಷ್ಟೋ!

"ಮೊಬೈಲೂ ಮೊದಲು ದುಬಾರಿಯೇ ಇತ್ತಲ್ಲ, ಈಗ ಸೊಪ್ಪು ಮಾರುವವಳ ಕೈಯಲ್ಲೂ ಇದೆ." ಇದೆ, ನಿಜ. ಆದರೆ ಮೊಬೈಲು ಕಾರ್ಖಾನೆಯಲ್ಲಿ ರಾಶಿ ರಾಶಿಯಾಗಿ ತಯಾರಾಗುತ್ತದೆ. ಇಲ್ಲಿ ಒಬ್ಬೊಬ್ಬ ರೋಗಿಯ ಕಾಂಡಕೋಶವನ್ನೂ ಬೇರೆಯಾಗಿ ತೆಗೆದು, ಲ್ಯಾಬಿನಲ್ಲಿ ತಿದ್ದಿ, ಕೀಮೋಥೆರಪಿಯಿಂದ ಮಜ್ಜೆ ಬರಿದುಮಾಡಿ, ವಾರಗಟ್ಟಲೆ ಆಸ್ಪತ್ರೆಯಲ್ಲಿ ಕಾಯಬೇಕು. ಮುಂದೆ ಅಗ್ಗವಾಗಬಹುದು, ಇಲ್ಲವೆನ್ನುವುದಿಲ್ಲ. ಅಷ್ಟು ಹೊತ್ತಿಗೆ ಉಳ್ಳವರು ಹೊಸ ಮಾಡೆಲ್ಲಿಗೆ ಹೋಗಿರುತ್ತಾರೆ.

"ಯಂತ್ರಕ್ಕೆ ಬಣ್ಣಭೇದ ಉಂಟೇ?" ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನೇ ಕೇಳಿ. ರಕ್ತದ ಆಮ್ಲಜನಕ ಕುಸಿದದ್ದನ್ನು ಅದು ಬಿಳಿಯರಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚು ಸಲ ಗುರುತಿಸದೆ ಬಿಟ್ಟಿತ್ತೆಂದು 2020ರ ಅಮೆರಿಕನ್ ಅಧ್ಯಯನವೊಂದು ತೋರಿಸಿತು. ಅಮೆರಿಕದ ಮಾತು ಹಾಗಿರಲಿ, ಅದೇ ಸಿಕಲ್ ಸೆಲ್ ನಮ್ಮ ಚಾಮರಾಜನಗರದ ಸೋಲಿಗ ಆದಿವಾಸಿಗಳ ಪೋಡುಗಳಲ್ಲೂ ಇದೆ. ಅಲ್ಲಿಗೆ ಮೊದಲು ರಕ್ತಪರೀಕ್ಷೆಯೂ ಆ ರೋಗಕ್ಕೆ ಕೊಡುವ ಹೈಡ್ರಾಕ್ಸಿಯೂರಿಯಾ ಮಾತ್ರೆಯೂ ತಪ್ಪದೆ ತಲುಪಲಿ ಭವಿಷ್ಯಾನಂದರೇ, ಸೂಪರ್‌ಮ್ಯಾನ್ ಆಮೇಲೆ ಬರಲಿ.