‘ನನ್ನ ಮೈಮ್ಯಾಲಿನ ಪ್ರಯೋಗ ಒಂದ ನಿಂತಿಲ್ರಿ’

ಬಾದನಹಟ್ಟಿಯಿಂದ ಕುರುಗೋಡಿನ ಕಡೆಗೆ ಹೋಗುವಾಗ ಎಲ್ಲೋ ಒಂದು ಪ್ರೌಢಶಾಲೆ ಇದೆ ಎಂದುಕೊಳ್ಳಿ. ಹುಡುಕಲು ಹೋಗಬೇಡಿ, ಅದು ನನ್ನ ತಲೆಯೊಳಗೆ ಮಾತ್ರ ಇದೆ. ಅಲ್ಲಿನ ಪ್ರಯೋಗಾಲಯದ ಸೂಕ್ಷ್ಮದರ್ಶಕವನ್ನು ಮಾತಾಡಿಸಬೇಕೆಂದು ಹೋದವನು, ಬೀಗದ ಕೈ ಯಾರ ಹತ್ತಿರವಿದೆ ಎಂಬುದು ಸಂಜೆಯವರೆಗೂ ಇತ್ಯರ್ಥವಾಗದೆ, ಬೀಗವನ್ನೇ ಮಾತಾಡಿಸಿ ಬಂದೆ. ಪಕ್ಕದ ಕಣದಲ್ಲಿ ಮೆಣಸಿನಕಾಯಿ ಒಣಹಾಕಿದ್ದರು. ಘಾಟಿಗೆ ಇಬ್ಬರೂ ಆಗಾಗ ಕೆಮ್ಮಿದೆವು.

ನಾನು: ತಮ್ಮ ಹುಟ್ಟೂರು?

ಬೀಗ: ಅಲಿಗಢ ಅಂತ ಬೆನ್ನಮ್ಯಾಲೆ ಕೆತ್ಯಾರ. ಆದ್ರ ಒಳಗಿನ ಕಬ್ಬಿಣ ನಮ್ಮ ಸಂಡೂರಿನ ಗುಡ್ಡದ್ದು ಅಂತ ನನ್ನ ನಂಬಿಕಿ. ಸಂಡೂರಿನ ಅದಿರು ಅಂದ್ರ ಏನ್ರಿ? ಕಬ್ಬಿಣದ ಆಕ್ಸೈಡು. ನನಗ ಹತ್ತಿದ ತುಕ್ಕು? ಅದೂ ಕಬ್ಬಿಣದ ಆಕ್ಸೈಡೇ, ಒಂಚೂರು ನೀರು ಕೂಡೈತಿ ಅಷ್ಟ. ಕುಲುಮಿಗೆ ಹಾಕಿ ಕಬ್ಬಿಣ ಮಾಡಿದ್ರು, ನಾನು ಕುಂತಲ್ಲೇ ತವರಿಗೆ ಹೊಂಟೀನಿ.

ನಾನು: ಹಾಗಾದರೆ ಇಲ್ಲಿ ಪ್ರಯೋಗ ನಡೆಯುತ್ತಿದೆ!

ಬೀಗ: ನನ್ನ ಮೈಮ್ಯಾಲಿಂದು ಒಂದ ನಿಂತಿಲ್ರಿ. ಹತ್ತನೇ ತರಗತಿ ಪುಸ್ತಕದಾಗ ಮೂರು ಪ್ರನಾಳ ಬರ್ತಾವ, ಮೂರರಾಗೂ ಮೊಳೆ. ಒಂದರಾಗ ನೀರೂ ಗಾಳಿನೂ, ಇನ್ನೊಂದರಾಗ ಕುದಿಸಿದ ನೀರು, ಮ್ಯಾಲೆ ಎಣ್ಣಿ, ಮೂರನೇದರಾಗ ಬರೇ ಒಣಗಾಳಿ. ತುಕ್ಕು ಹಿಡಿಯೋದು ಮೊದಲನೇದಕ್ಕ ಮಾತ್ರ. ಮಕ್ಕಳು ಈ ಚಿತ್ರ ಎಷ್ಟು ಚಂದ ಬರೀತಾರಂತೀರಿ, ಸ್ಕೇಲ್ ಇಟ್ಟು ಗೆರಿ ಎಳೀತಾರ! ಮೊಳೆ ಮಾತ್ರ ಒಬ್ರೂ ತಂದಿಲ್ಲ.

ನಾನು: ಮೇಷ್ಟ್ರು ಬಾಗಿಲು ತೆಗೆಸಬಹುದಲ್ಲ?

ಬೀಗ: ಮೇಷ್ಟ್ರಿಗೆ ಅನ್ನಬ್ಯಾಡ್ರಿ. ಒಂದು ಬೀಕರ್ ಒಡೀತು ಅನ್ರಿ. ಸ್ಟಾಕ್ ರಿಜಿಸ್ಟರ್‌ನಾಗ ಬರೀಬೇಕು, ವರ್ಗಾವಣೆ ಬಂದಾಗ ಚಾರ್ಜ್ ಕೊಡಬೇಕು, ಲೆಕ್ಕ ಕೂಡದಿದ್ರ ಕೈಯಿಂದ ಕಟ್ಟಬೇಕು. ಹಂಗಾಗಿ ಮುಟ್ಟದ ಬೀಕರೇ ಒಳ್ಳೆ ಬೀಕರು. ಮತ್ತ ಜೀವಶಾಸ್ತ್ರ ಹೇಳೋ ಸಿಬಿಝೆಡ್ ಮೇಷ್ಟ್ರು ‘ಬೀರು ಪಿಸಿಎಂದವರ್ದು’ ಅಂತಾರ. ಭೌತಶಾಸ್ತ್ರ, ಗಣಿತ ಹೇಳೋ ಪಿಸಿಎಂ ಮೇಷ್ಟ್ರು ‘ಬಾಟ್ಲಿಯೊಳಗಿನ ಕಪ್ಪಿ ನಂದಲ್ಲ’ ಅಂತಾರ. ಪಾಪ, ಕಪ್ಪಿ ಯಾರ ಚಾರ್ಜಿಗೂ ಬರದಂಗ ತೇಲಾಕತ್ತೈತಿ.

ನಾನು: ಪರೀಕ್ಷೆಯಾದರೂ ನಿಮ್ಮನ್ನು ತೆಗೆಸಬೇಕಿತ್ತು.

ಬೀಗ: ನನ್ನ ಅಸಲೀ ಮಾಲೀಕರು ಪರೀಕ್ಷೆನೇ ಅಲ್ರೀ! ಎಸ್ಸೆಸ್ಸೆಲ್ಸಿ ವಿಜ್ಞಾನಕ್ಕ 80 ಅಂಕ ಬರವಣಿಗಿಗೆ, 20 ಆಂತರಿಕಕ್ಕ. ಎಂಬತ್ತರಾಗ ಕೇಳೋದು ಉಪಕರಣ ಜೋಡಣೆಯ ಚಿತ್ರ. ಸತುವಿನ ಮ್ಯಾಲೆ ಆಮ್ಲ ಬಿದ್ರ ಹುಟ್ಟಿ, ಬೆಂಕಿ ತೋರಿಸಿದ್ರ ‘ಪಟ್’ ಅಂತ ಸದ್ದು ಮಾಡೋ ಅನಿಲ ಯಾವುದು ಅಂತ ಎಲ್ಲಾರಿಗೂ ಗೊತ್ತೈತಿ. ಆ ಸದ್ದು ಕೇಳಿದವ್ರು ಕೈ ಎತ್ತರಿ ಅಂದ್ರ ಫ್ಯಾನಿನ ಸದ್ದು ಕೇಳ್ತೈತಿ. ಇನ್ನ ಆ ಇಪ್ಪತ್ತು ಕೊಡಾಕ ನನ್ನ ಮುಟ್ಟೋ ಅಗತ್ಯ ಇಲ್ಲ. ಪಿಯುಸಿಗೆ ಹೋದಮ್ಯಾಲೆ ಅದೇ ಮಕ್ಕಳಿಗೆ ಭೌತಶಾಸ್ತ್ರಕ್ಕ 30, ರಸಾಯನಕ್ಕ 30 ಪ್ರಾಯೋಗಿಕ ಅಂಕ. ಹದಿನಾರು ವರ್ಷದ ಹುಡುಗ ಬ್ಯೂರೆಟ್ಟನ್ನ ಮೊದಲನೇ ಸಲ ಹಿಡಿದಾಗ ಅವನ ಕೈ ನೋಡ್ರಿ, ಹೊಸ ಅಳಿಯ ಕಾಫಿ ಲೋಟ ಹಿಡಿದಂಗ ನಡಗತೈತಿ.

ನಾನು: ನೀವು ಇತ್ತೀಚೆಗೆ ತೆರೆದದ್ದು ಯಾವಾಗ?

ಬೀಗ: 2024ರ ಮೇ 7.

ನಾನು: ವಿಜ್ಞಾನ ದಿನಾಚರಣೆ?

ಬೀಗ: ಲೋಕಸಭಾ ಚುನಾವಣೆ. ಇದು ಮತಗಟ್ಟೆ ಆಗಿತ್ತಲ್ಲ! ಅವತ್ತು ಇಲ್ಲಿ ದೊಡ್ಡ ಪ್ರಯೋಗ ಆತು ನೋಡ್ರಿ. ಬೆರಳಿಗೆ ಹಚ್ಚೋ ಶಾಯಿ ಮೈಸೂರಿನ ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಿಂದ ಬರ್ತೈತಿ. ಅದರಾಗ ಬೆಳ್ಳಿಯ ನೈಟ್ರೇಟ್. ಚರ್ಮದ ಉಪ್ಪಿಗೆ ಕೂಡಿ, ಬಿಸಿಲು ಕಂಡ್ರ ಕಪ್ಪಾಗತೈತಿ. ಬೆಳ್ಳಿಯ ಕ್ಲೋರೈಡ್ ಬಿಸಿಲಿಗೆ ಬಣ್ಣ ಬದಲಾಗೋದು ಹತ್ತನೇ ತರಗತಿ ಮೊದಲನೇ ಪಾಠದಾಗ ಐತಿ. ಊರಿನ ಅಜ್ಜ ಅಜ್ಜಿ ಎಲ್ಲಾರೂ ಮಾಡಿದ್ರು. ಹತ್ತನೇ ತರಗತಿಯವರಿಗೆ ಮಾತ್ರ ವಯಸ್ಸು ಸಾಲದಂತ ಬಿಡಲಿಲ್ಲ.

(ಇಲ್ಲಿ ಇಬ್ಬರೂ ಮತ್ತೆ ಕೆಮ್ಮಿದೆವು.)

ನಾನು: ಪ್ರಯೋಗ ಮಾಡಿ ಕೈಕೊಟ್ಟರೆ ಮೇಷ್ಟ್ರ ಮರ್ಯಾದೆ ಹೋಗುತ್ತದೆ ಎಂಬ ಭಯವೂ ಇದೆಯಂತೆ?

ಬೀಗ: ಐತ್ರಿ. ಒಮ್ಮೆ ಒಬ್ಬರು ಮೆಗ್ನೀಸಿಯಂ ಪಟ್ಟಿ ಹಚ್ಚಾಕ ಹೋದ್ರು. ನನ್ನ ಹಿಂದ ಬಂದಿಖಾನಿಯಾಗ ಬಿದ್ದು ಬಿದ್ದು ಅದರ ಮ್ಯಾಲೂ ಆಕ್ಸೈಡ್ ಪದರ ಕೂತಿತ್ತು. ಒಂದು ಕಡ್ಡಿಪೆಟ್ಟಿಗಿ ಮುಗೀತು, ಹತ್ಲಿಲ್ಲ. ಹುಡುಗರು ನಕ್ರು. ಮೇಷ್ಟ್ರು ‘ಹತ್ತೈತಿ ಅಂತ ಬರಕೊಳ್ರಿ’ ಅಂದ್ರು. ಪಟ್ಟಿನ ಮರಳು ಕಾಗದದಿಂದ ಉಜ್ಜಿ ಹಚ್ಚರಿ ಅಂತ ಪುಸ್ತಕದಾಗ ಆ ಚಟುವಟಿಕೆ ಶುರುವಿನಾಗೇ ಬರದೈತಿ. ಆ ಸಾಲು ಯಾಕೈತಿ ಅನ್ನೋದು ಅವತ್ತು ತಿಳೀಬೇಕಾಗಿತ್ತು. ಹತ್ತದ ಪಟ್ಟಿಯಷ್ಟು ಚಲೋ ಪಾಠ ಹತ್ತಿದ ಪಟ್ಟಿ ಹೇಳಾಂಗಿಲ್ರಿ.

ಬೀಗದ ಈ ಮಾತಿಗೆ ನನ್ನ ಪೂರ್ತಿ ಸಮ್ಮತಿ ಇದೆ. ಹೋಶಂಗಾಬಾದಿನ ಸಂಗತಿ ತೆಗೆದೆ. ಮಧ್ಯಪ್ರದೇಶದ ಆ ಜಿಲ್ಲೆಯಲ್ಲಿ 1972ರಲ್ಲಿ 16 ಶಾಲೆಗಳಲ್ಲಿ ಶುರುವಾದ ವಿಜ್ಞಾನ ಕಾರ್ಯಕ್ರಮದಲ್ಲಿ ಆರರಿಂದ ಎಂಟನೇ ತರಗತಿಯ ಮಕ್ಕಳು ಗುಂಪುಗೂಡಿ ತಾವೇ ಪ್ರಯೋಗ ಮಾಡುತ್ತಿದ್ದರು. ಪರೀಕ್ಷೆಯಲ್ಲಿ ಪುಸ್ತಕ ತೆರೆದಿಟ್ಟುಕೊಂಡು ಬರೆಯಬಹುದಿತ್ತು, ಪ್ರಯೋಗಕ್ಕೂ ಪರೀಕ್ಷೆಯಿತ್ತು. 2002ರಲ್ಲಿ ಸರ್ಕಾರವೇ ಅದನ್ನು ನಿಲ್ಲಿಸಿತು.

ಬೀಗ: ನಿಲ್ಲಿಸಿದ್ದು ಯಾವ ಕಂಪನಿ ಬೀಗರಿ? ಬಂಧುಗಳೇನೋ ಅಂತ ಕೇಳ್ದೆ.

ನಾನು: ಈ ಬಾಗಿಲಿಗೆ ನೇತುಬಿದ್ದು ಕಂಡದ್ದರಲ್ಲಿ ಸಂತೋಷದ್ದೇನೂ ಇಲ್ಲವೇ?

ಬೀಗ: ಐತಿ. ಒಬ್ರು ಮೇಡಂ ಬಂದಿದ್ರು. ನನ್ನ ಕೈ ಸಿಗದಿದ್ದಕ್ಕ ಮಕ್ಕಳನ್ನ ಇದೇ ಜಗಲಿ ಮ್ಯಾಲೆ ಕುಂಡ್ರಿಸಿ, ಸ್ಟೀಲ್ ತಟ್ಟಿಯಾಗ ಅರಿಶಿಣದ ನೀರು ಹಾಕಿ, ಸುಣ್ಣ ಬೆರೆಸಿದ್ರು. ಕೆಂಪಗಾತು. ಹುಡುಗ್ಯಾರು ‘ಇದು ಆರತಿ ನೀರು!’ ಅಂದ್ರು. ಅದಕ್ಕ ನಿಂಬೆಹಣ್ಣು ಹಿಂಡಿದ್ರು, ಮತ್ತ ಹಳದಿ. ಹಿಂದಿನ ಸಾಲಿನಾಗ ಕುಂತಿದ್ದ ಒಬ್ಬಾಕಿ ಎದ್ದು ನಿಂತು ಕೇಳಿದ್ಲು: ‘ಹಂಗಾರ ದೃಷ್ಟಿ ಅನ್ನೋದು ಆಮ್ಲನೋ ಪ್ರತ್ಯಾಮ್ಲನೋ ಮೇಡಂ?’

ನಾನು: ಮೇಡಂ ಏನೆಂದರು?

ಬೀಗ: ‘ಹೆಂಗ ಕಂಡುಹಿಡೀತಿ, ನೀನೇ ಹೇಳು’ ಅಂದ್ರು. ಅರ್ಧ ತಾಸು ಜಗಳ ಆತು. ಪಾಠ ಮುಗೀಲಿಲ್ಲ. ನನಗಂತೂ ಅವತ್ತು ಕೆಲಸ ಹೋದಂಗ ಆಗಿತ್ರಿ, ಬಾಗಿಲು ಮುಚ್ಚಿತ್ತು, ಪ್ರಯೋಗ ಹೊರಗ ನಡದಿತ್ತು!

ನಾನು: ಆ ಮೇಡಂ ಈಗ?

ಬೀಗ: ವರ್ಗಾವಣೆ. ಚಾರ್ಜ್ ಕೊಡಾಕ ಅವರ ಹತ್ರ ಏನೂ ಇರ್ಲಿಲ್ಲ. ಒಂದು ತಟ್ಟಿ ಇತ್ತು, ಅದೂ ಮನಿದು.

ನಾನು: ಸರ್ಕಾರಕ್ಕೆ ನಿಮ್ಮ ಬೇಡಿಕೆ?

ಬೀಗ: ಎರಡು ಹನಿ ಎಣ್ಣಿ. ಮುಂದಿನ ಚುನಾವಣೆಗೆ ತೆಗೀಬೇಕಲ್ಲ.

ಓದುಗರಲ್ಲಿ ಯಾರಾದರೂ ಶಾಲಾಭಿವೃದ್ಧಿ ಸಮಿತಿಯಲ್ಲಿದ್ದರೆ, ಮುಂದಿನ ಸಭೆಗೆ ಹೋಗುವಾಗ ಜೇಬಿನಲ್ಲಿ ಒಂದು ಚೂರು ಮರಳು ಕಾಗದ ಇಟ್ಟುಕೊಂಡು ಹೋಗಿ. ಮೊದಲು ಬೀಗಕ್ಕೆ ಉಜ್ಜಿ, ಉಳಿದದ್ದು ಒಳಗಿನ ಮೆಗ್ನೀಸಿಯಂಗೆ ಬೇಕಾಗುತ್ತದೆ.